ಹುರುಳಿ ಹಾಸಿದ ರಸ್ತೆ

ಮೊದಲು ಬಂದದ್ದು ವಾಸನೆ. ಕೆಟ್ಟ ವಾಸನೆಯೇನಲ್ಲ, ಬಾಣಲೆಯಲ್ಲಿ ಹುರುಳಿ ಹುರಿಯುವಾಗ ಬರುವಂಥ ಹಿತವಾದ ವಾಸನೆ. ಜೀಪಿನಲ್ಲಿ ನನ್ನೆದುರು ಕುಳಿತಿದ್ದ ಹಿರಿಯರೊಬ್ಬರು ಮೂಗು ಅರಳಿಸಿ, "ಯಾರ ಮನ್ಯಾಗೋ ಹುರುಳಿ ಹುರಿಯಾಕತ್ಯಾರ ನೋಡ್ರಿ, ಈಗ್ಲೇ ಸಾರಿನ ತಯಾರಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡೂ ಕಡೆ ಹೊಲಗಳಿದ್ದವು, ಕಣ್ಣಿಗೆ ಕಾಣುವಷ್ಟು ದೂರ ಒಂದು ಮನೆಯೂ ಇರಲಿಲ್ಲ. ಅದು ಯಾರಿಗೂ ಹೊಳೆಯಲಿಲ್ಲ. ಆ ನಗು ನಿಂತದ್ದಕ್ಕೂ ನನ್ನ ಕಾಲಕೆಳಗಿನ ತಗಡು ಬಿಸಿಯಾದದ್ದಕ್ಕೂ ನಡುವೆ ಎಷ್ಟು ಹೊತ್ತು ಹೋಯಿತು ಎಂಬುದನ್ನು ನಾನು ಈಗಲೂ ಕುಳಿತಲ್ಲಿ ನಿಂತಲ್ಲಿ ಎಣಿಸುತ್ತಿರುತ್ತೇನೆ.

ನಮ್ಮ ಕಡೆಯವರಿಗೆ ಆಗ ಏನಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಚಳಿಗಾಲದಲ್ಲಿ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ರಸ್ತೆ ಹಿಡಿದರೂ ಅಲ್ಲಲ್ಲಿ ಬೆಳೆ ಹಾಸಿರುತ್ತದೆ. ಹುರುಳಿಯನ್ನು ಬಳ್ಳಿ ಸಮೇತ ಕಿತ್ತು ತಂದು ಡಾಂಬರಿನ ಮೇಲೆ ಮೊಳದೆತ್ತರ ಹರವುತ್ತೇವೆ. ಬಸ್ಸು, ಲಾರಿ, ಟ್ರ್ಯಾಕ್ಟರು ಅದರ ಮೇಲೆ ಹಾದುಹೋಗುತ್ತವೆ. ಕಾಯಿ ಒಡೆದು ಕಾಳು ಉದುರುತ್ತದೆ. ಸಂಜೆ ಹೊಟ್ಟು ತೂರಿ ಕಾಳು ತುಂಬಿಕೊಂಡರೆ ಒಕ್ಕಣೆ ಮುಗಿಯಿತು. ಎತ್ತು ಬೇಡ, ಯಂತ್ರ ಬೇಡ. ದಾರಿಹೋಕರೇ ನಮ್ಮ ಆಳುಗಳು. ಆ ದಿನ ನಾವು ಹೋಗುತ್ತಿದ್ದ ಜೀಪಿನ ಹಿಂದಿನ ಗಾಲಿಗಳಿಗೆ ಯಾರದೋ ಹುರುಳಿ ಬಳ್ಳಿ ಸುತ್ತಿಕೊಂಡಿತು, ಸುತ್ತಿಕೊಂಡು ಬಿಸಿಯಾಗಿದ್ದ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡಿತು.

ಡ್ರೈವರ್ "ಇಳೀರಿ, ಇಳೀರಿ" ಎಂದು ಕೂಗಿದ. ಮುಂದಿದ್ದವರು ಇಳಿದರು. ಹಿಂದೆ ಎದುರುಬದುರು ಕುಳಿತಿದ್ದ ನಮಗೆ ಇದ್ದದ್ದು ಒಂದೇ ಬಾಗಿಲು. ಅದರ ಹಿಡಿ ಎಂದೋ ಮುರಿದು, ಹೊರಗಿನಿಂದ ಹಗ್ಗ ಕಟ್ಟಿದ್ದರು. ಡ್ರೈವರ್ ಓಡಿ ಬಂದು ಹಗ್ಗ ಬಿಚ್ಚುತ್ತಿದ್ದ. ಅವನ ಬೆರಳುಗಳು ಗಾಜಿನ ಆಚೆ ಕಾಣುತ್ತಿದ್ದವು, ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ. ಒಳಗೆ ಹೊಗೆ. ಬಾಗಿಲ ಬಳಿ ಒಬ್ಬ ಅಜ್ಜಿ ಕುಳಿತಿದ್ದಳು, ಅವಳ ಪಕ್ಕದಲ್ಲಿ ನಾನು. ಬಾಗಿಲು ತೆರೆದಾಗ ಅಜ್ಜಿ ಬಗ್ಗಿ ತನ್ನ ಚೀಲ ಹುಡುಕುತ್ತಿದ್ದಳು. ನಾನು ಅವಳ ತೊಡೆಯ ಮೇಲೆ ಕಾಲಿಟ್ಟು ಹೊರಗೆ ಹಾರಿದೆ. ತಿರುಗಿ ನೋಡದೆ ಓಡಿದೆ. ನೋಡಿದಾಗ ರಸ್ತೆಯ ಮೇಲಿನ ಹುರುಳಿ ಉರಿಯುತ್ತಿತ್ತು, ಇಬ್ಬರು ಗಂಡಸರು ಆ ಅಜ್ಜಿಯನ್ನು ಎಳೆಯುತ್ತಿದ್ದರು, ಅವಳ ಪಾದಗಳು ಉರಿಯುವ ಬಳ್ಳಿಯೊಳಗಿದ್ದವು.

ಯಾರೂ ಸಾಯಲಿಲ್ಲ. ಜೀಪು ಸುಟ್ಟು ಬರೀ ಕಬ್ಬಿಣವಾಯಿತು. ಅಜ್ಜಿಯ ಎಡಗಾಲು ಸುಟ್ಟಿತು. ನನಗೆ ಒಂದು ತರಚು ಗಾಯವೂ ಆಗಲಿಲ್ಲ.

ಇನ್ನೊಂದು ಮಾತಿದೆ, ಅದನ್ನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಅದೇ ಬೆಳಿಗ್ಗೆ, ಜೀಪು ಹತ್ತುವುದಕ್ಕೆ ಒಂದು ತಾಸು ಮೊದಲು, ನಮ್ಮೂರ ಮುಂದಿನ ರಸ್ತೆಯಲ್ಲಿ ನಮ್ಮ ಮನೆಯ ಹುರುಳಿಯನ್ನು ಹರವಿ ಬಂದಿದ್ದವಳು ನಾನೇ.

ನಮ್ಮೂರು ಇಟ್ಟಿಗಿಯ ಹತ್ತಿರ. ನಾನು ಕೊಟ್ಟೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಅರ್ಥಶಾಸ್ತ್ರ ಹೇಳುತ್ತೇನೆ. ದಿನಾ ಅದೇ ರಸ್ತೆ. ಘಟನೆಯಾದ ಮೇಲೆ ಮೂರು ವಾರ ಮನೆ ಬಿಟ್ಟು ಹೊರಡಲಿಲ್ಲ. ಪ್ರಾಂಶುಪಾಲರು ಒಳ್ಳೆಯವರು, ಎರಡು ಸಲ ತಾವೇ ಫೋನ್ ಮಾಡಿ ವಿಚಾರಿಸಿದರು. ಮೂರನೆಯ ಸಲ ಅವರ ದನಿ ಸಣ್ಣಗಾಗಿತ್ತು. "ಪರೀಕ್ಷೆ ಹತ್ತಿರ ಬಂದವು ಮೇಡಂ. ಇನ್ನೆರಡು ವಾರ ಹೆಂಗಾರ ದೂಡ್ತೀನಿ. ಆ ಮ್ಯಾಲಿನ ಸೋಮವಾರ ನೀವು ಬರಲಿಲ್ಲಂದ್ರ ಬೇರೆಯವರನ್ನ ತಗೋಬೇಕಾಗ್ತೈತಿ. ತಪ್ಪು ತಿಳ್ಕೋಬ್ಯಾಡ್ರಿ." ನಾನು ತಪ್ಪು ತಿಳಿಯಲಿಲ್ಲ. ಮದುವೆಯಾದ ಮೇಲೆ ಓದಿ ಪಡೆದ ಕೆಲಸ ಅದು, ನನ್ನದೆಂದು ಹೇಳಿಕೊಳ್ಳಲು ನನಗಿದ್ದದ್ದು ಅದೊಂದೇ. ಅದನ್ನು ಉಳಿಸಿಕೊಳ್ಳಬೇಕೆಂದರೆ ಆ ಸೋಮವಾರ ಆ ರಸ್ತೆಯಲ್ಲಿ ಜೀಪು ಹತ್ತಲೇಬೇಕಿತ್ತು.

ಜೀಪು ದೂರದ ಮಾತಾಯಿತು, ನನಗೆ ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಲೂ ಆಗುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಅಂಗಳಕ್ಕೆ ಓಡುತ್ತಿದ್ದೆ. ಅತ್ತೆ ಮೊದಲು ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅದರಿಂದ ಆಗದಿದ್ದಾಗ, "ಇದು ಅಂಜಿಕಿ, ದೃಷ್ಟಿ ಅಲ್ಲ" ಎಂದು, ಅವರ ತಾಯಿ ಮಾಡುತ್ತಿದ್ದ ಹಾಗೆ, ಕುಡುಗೋಲು ಕೆಂಪಗೆ ಕಾಸಿ ಚೊಂಬಿನ ನೀರಿನಲ್ಲಿ ಅದ್ದಿದರು. ಚುಂಯ್ ಎಂದಿತು, ಹಬೆ ಎದ್ದಿತು. ನಾನು ಕಿರುಚಿ ಗೋಡೆಗೆ ಅಂಟಿಕೊಂಡೆ. ಅತ್ತೆ ಕುಡುಗೋಲು ಅಲ್ಲೇ ಬಿಟ್ಟು ನನ್ನ ತಲೆ ಹಿಡಿದುಕೊಂಡು ಕುಳಿತರು. ಮತ್ತೆಂದೂ ಆ ಉಪಾಯಕ್ಕೆ ಹೋಗಲಿಲ್ಲ. ಆದರೆ ಮರುದಿನದಿಂದ ಮನೆಯ ಯಾವ ಬಾಗಿಲನ್ನೂ ಪೂರ್ತಿ ಮುಚ್ಚುತ್ತಿರಲಿಲ್ಲ. ಕೇಳಿದವರಿಗೆ "ಗಾಳಿ ಬರ್ಲಿ" ಎನ್ನುತ್ತಿದ್ದರು. ಅದು ಚಳಿಗಾಲ.

ಗಂಡ ಇಟ್ಟಿಗಿಯಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾರೆ. ಅವರೇ ಒಂದು ದಿನ ಅಂಗಡಿ ಮುಚ್ಚಿ, ಹೊಲದ ದಾರಿ ಹಿಡಿದು, ಬೈಕಿನಲ್ಲಿ ನನ್ನನ್ನು ಹಡಗಲಿಗೆ ಕರೆದುಕೊಂಡು ಹೋದರು. ಅಲ್ಲಿಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರೊಬ್ಬರು ಬರುತ್ತಾರೆ, ನನಗಿಂತ ಚಿಕ್ಕ ವಯಸ್ಸಿನವರು. ಬೆಂಕಿಯ ಬಗ್ಗೆ ಕೇಳುತ್ತಾರೆಂದು ಉತ್ತರಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅವರು ಕೇಳಿದ್ದೇ ಬೇರೆ.

"ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?"

"ಮಲಗಿದ್ರ ತಾನೇ ಮೇಡಂ ಏಳೋದು."

"ಟೀ ಎಷ್ಟು ಸಲ ಕುಡೀತೀರಿ?"

"ಏಳೆಂಟು."

"ಊಟ?"

ನಾನು ಗಂಡನ ಕಡೆ ತಿರುಗಿದೆ.

"ಅವತ್ತಿನ ವಿಡಿಯೊ ಯಾರಾದ್ರೂ ಮಾಡಿದ್ರಾ? ನೋಡ್ತೀರಾ?"

ಮಾಡಿದ್ದರು. ಯಾರೋ ದೂರದಿಂದ ಮೊಬೈಲಿನಲ್ಲಿ ತೆಗೆದದ್ದು ಎಲ್ಲರ ವಾಟ್ಸ್ಯಾಪಿಗೂ ಬಂದಿತ್ತು. ಎಷ್ಟು ಸಲ ನೋಡಿದ್ದೀರಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿ ನಿಂತಿದ್ದ ನನ್ನ ಗಂಡ, "ಎಣಿಸಾಕ ಬರಂಗಿಲ್ರಿ ಮೇಡಂ. ಸಾರಿಗೆ ಉಪ್ಪು ಹಾಕಿದ್ದು ಮರೀತಾಳ, ಅದನ್ನ ನೋಡೋದು ಮರ್ಯಂಗಿಲ್ಲ" ಎಂದರು.

ಅದು ನಿಜ. ಆ ವಿಡಿಯೊದಲ್ಲಿ ನಾನು ಆಗಲೇ ಹೊರಗಿದ್ದೇನೆ, ಬೆನ್ನು ತೋರಿಸಿ ಓಡುತ್ತಿದ್ದೇನೆ. ಅಜ್ಜಿಯ ತೊಡೆ ತುಳಿದದ್ದು ಅದರಲ್ಲಿ ಇಲ್ಲ. ಇಲ್ಲ ಎಂಬುದನ್ನು ಮತ್ತೆ ಮತ್ತೆ ಖಚಿತಪಡಿಸಿಕೊಳ್ಳಲು ನೋಡುತ್ತಿದ್ದೆ.

ಡಾಕ್ಟರ್ ನಿದ್ದೆಗೆಂದು ಸಣ್ಣ ಮಾತ್ರೆಯೊಂದನ್ನು ಕೆಲವು ದಿನಕ್ಕೆ ಬರೆದುಕೊಟ್ಟರು. ಉಳಿದದ್ದೆಲ್ಲ ಹೇಳಿದರೆ ನಗುವಂಥವು. ನಿದ್ದೆ ಬರಲಿ ಬಿಡಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು. ಎದ್ದು ಬಿಸಿಲಿನಲ್ಲಿ ಅರ್ಧ ತಾಸು ನಡೆಯಬೇಕು. ಮಧ್ಯಾಹ್ನದ ಮೇಲೆ ಟೀ ಬೇಡ. ಹಸಿವಾಗಲಿ ಆಗದಿರಲಿ, ಮೂರು ಹೊತ್ತು ತಟ್ಟೆಯ ಮುಂದೆ ಕೂರಬೇಕು. ವಿಡಿಯೊ ಅಳಿಸಬೇಕು. ಅಂಜಿಕೆ ಬಂದಾಗ ಎರಡೂ ಪಾದ ನೆಲಕ್ಕೆ ಊರಿ, ಕಣ್ಣೆದುರು ಏನಿದೆಯೋ ಅದರ ಹೆಸರು ಒಂದೊಂದಾಗಿ ಹೇಳಿಕೊಳ್ಳಬೇಕು. ದಿನಕ್ಕೆ ಹತ್ತು ನಿಮಿಷ ಬರೆಯಬೇಕು, ಯಾರಿಗೂ ತೋರಿಸಬೇಕಿಲ್ಲ. "ರಸ್ತೆ?" ಎಂದೆ. "ಒಂದೇ ಸಲಕ್ಕೆ ಗೆಲ್ಬೇಕು ಅಂತ ಹೋಗ್ಬೇಡಿ. ಆದ್ರೆ ಪೂರ್ತಿ ತಪ್ಪಿಸ್ಕೊಂಡ್ರೆ ಭಯ ಬೆಳೀತಾ ಹೋಗುತ್ತೆ. ನಿಮ್ಮ ಕೈಲಿ ಆಗೋ ಅಷ್ಟು ಮಾಡಿ, ಆದ್ರೆ ಮಾಡಿ" ಎಂದರು. ಸಿಟ್ಟು ಬಂತು. ಬೆಂಕಿ ನೋಡಿ ಬಂದವಳಿಗೆ ಟೀ ಬಿಡು ಎನ್ನುವುದು ಎಂಥ ಚಿಕಿತ್ಸೆ?

ಆದರೂ ಮಾಡಿದೆ, ಸೋಮವಾರಕ್ಕೆ ಹೆದರಿ. ವಿಡಿಯೊ ಅಳಿಸಿದೆ. ಮರುದಿನವೇ ಇನ್ನೊಂದು ಗುಂಪಿನಿಂದ ಮತ್ತೆ ಇಳಿಸಿಕೊಂಡೆ. ಕೊನೆಗೆ ಅತ್ತೆಯ ಕೈಗೆ ಫೋನ್ ಕೊಟ್ಟು, ಸಂಜೆ ಒಂದು ತಾಸು ಬಿಟ್ಟು ಉಳಿದ ಹೊತ್ತು ಕೇಳಿದರೂ ಕೊಡಬೇಡಿ ಎಂದೆ. ಅವರು ಅದನ್ನು ಜೋಳದ ಡಬ್ಬಿಯೊಳಗೆ ಹೂತರು. ಎರಡು ದಿನ ಕಳೆದ ಮೇಲೆ ಡಬ್ಬಿಯ ಹತ್ತಿರ ಸುಳಿದಾಡುತ್ತಿದ್ದ ನನ್ನನ್ನು ನೋಡಿ, "ಇಲಿ ಬಂತು ನೋಡು" ಎಂದರು.

ನಡೆಯುವ ಮಾತು ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. "ಸುಮ್ನ ಸುಮ್ನ ನಡದು ತಿರುಗಿ ಬರೋದಾ? ಊರಾಗ ಮಂದಿ ಏನಂತಾರ? ಹೋಗೋದು ಹೋಗ್ತಿ, ಎಮ್ಮಿನೂ ಹೊಡಕೊಂಡು ಹೋಗವಾ." ಹೀಗೆ ನನ್ನ ವಾಕಿಂಗ್ ಎಮ್ಮೆಯ ಹಿಂದೆ ಆಯಿತು. ಹಳ್ಳದ ದಂಡೆಯವರೆಗೆ ಹೋಗಿ ಬರಬೇಕು. ಎಮ್ಮೆಗೆ ಅವಸರವಿರಲಿಲ್ಲ. ಅದು ನಿಂತಲ್ಲಿ ನಾನು ನಿಲ್ಲಬೇಕು. ಅರ್ಧ ತಾಸಿನದು ಮುಕ್ಕಾಲು ತಾಸಾಗುತ್ತಿತ್ತು. ಹಳ್ಳದ ಆಚೆಗೆ ರಸ್ತೆ ಕಾಣುತ್ತದೆ. ಲಾರಿಯ ಸದ್ದಿಗೆ ಎದೆ ಬಡಿದುಕೊಳ್ಳುತ್ತಿತ್ತು. ಪಾದ ಊರಿ ಹೇಳಿಕೊಳ್ಳುತ್ತಿದ್ದೆ: ಜಾಲಿ, ಕೊಕ್ಕರೆ, ಹರಿದ ಚಪ್ಪಲಿ, ಎಮ್ಮೆಯ ಬಾಲ, ಕಲ್ಲು. ಕೆಲವು ದಿನ ಕಲ್ಲು ಎನ್ನುವಷ್ಟರಲ್ಲಿ ಉಸಿರು ಸರಿಹೋಗುತ್ತಿತ್ತು. ಕೆಲವು ದಿನ ಇಡೀ ಹಳ್ಳವನ್ನೇ ಹೆಸರಿಸಿದರೂ ಆಗದೆ ಎಮ್ಮೆಯನ್ನು ಅರ್ಧದಿಂದಲೇ ತಿರುಗಿಸಿಕೊಂಡು ಬರುತ್ತಿದ್ದೆ.

ಬರೆಯುವುದೇ ಕಷ್ಟವಾಯಿತು. ಹೊಗೆಯ ಬಗ್ಗೆ, ಹಗ್ಗದ ಗಂಟಿನ ಬಗ್ಗೆ ಬರೆಯಬಲ್ಲೆ. ಅಜ್ಜಿಯ ಹತ್ತಿರ ಬಂದಾಗ ಪೆನ್ನು ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ, "ನಾನು ಅವಳನ್ನು ತುಳಿದೆ" ಎಂದು ಬರೆದು, ಪುಸ್ತಕವನ್ನು ತೆರೆದಿಟ್ಟುಕೊಂಡೇ ಕುಳಿತುಬಿಟ್ಟೆ. ಅಂಗಡಿಗೆ ಹೊರಟಿದ್ದ ಗಂಡ ಬಗ್ಗಿ ಓದಿದರು. ಬೈಕಿನ ಕೀಲಿ ತಿರುಗಿಸುತ್ತಾ ನಿಂತು, "ಆಕಿ ಊರು ನನಗ ಗೊತ್ತೈತಿ. ಮಾಗಳದ ಹತ್ರ. ಬರ್ತಿಯೇನು?" ಎಂದರು. ನಾನು ಬೇಡ ಎಂದೆ. ಅವರು ಬೈಕ್ ಚಾಲೂ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೋಗಿ ಹಿಂದೆ ಕುಳಿತೆ.

ಅಜ್ಜಿ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದಳು. ಎಡಪಾದಕ್ಕೆ ಬಿಳಿ ಬಟ್ಟೆ ಸುತ್ತಿತ್ತು. ನಾನು ಯಾರೆಂದು ಹೇಳಬೇಕಾಗಲಿಲ್ಲ.

"ನೀನ ಅಲ್ಲೇನವಾ, ನನ್ನ ತೊಡಿ ತುಳದು ಹಾರಿದಾಕಿ?"

"ಹೌದಬೇ" ಎಂದೆ. ಅಲ್ಲೇ ನೆಲದ ಮೇಲೆ ಕುಳಿತೆ.

"ಏನ್ ತೂಕ ಇದ್ದೀಯೇ ಯವ್ವಾ! ಕಾಲು ಸುಟ್ಟಿದ್ದು ಮಾಯಾಕತ್ತೈತಿ, ತೊಡಿ ನೋವು ಹಂಗ ಐತಿ."

ನನ್ನ ಗಂಡ ನಕ್ಕುಬಿಟ್ಟರು. ನನಗೆ ಅಳು ಬಂತು. ಅಜ್ಜಿ ನಗಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನನ್ನನ್ನೇ ನೋಡಿ ಹೇಳಿದಳು: "ಸಿಟ್ಟು ಬಂದಿತ್ತು ನಿನ್ನ ಮ್ಯಾಲ. ಬಾಳ ಬಂದಿತ್ತು. ಓದಿದಾಕಿ, ಹಿಂಗ ಮಾಡಿದ್ಲಲ್ಲ ಅಂತ. ಆಮ್ಯಾಲ ಅನಿಸ್ತು, ನಾನೂ ಚೀಲ ಬಿಟ್ಟು ಏಳಬೇಕಿತ್ತು. ಚೀಲದಾಗ ಏನಿತ್ತು ಗೊತ್ತೈತೇನು? ಎರಡು ಸೇರು ಹುರುಳಿ, ಮಗಳ ಮನಿಗೆ ಒಯ್ತಿದ್ದೆ. ಅದಕ್ಕ ಕಾಲು ಕೊಟ್ಟೆ."

ಅಲ್ಲಿಂದ ಹೊರಟಾಗ ನನಗೆ ಕ್ಷಮೆ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ಆದರೆ ಆ ದಿನ ಹಸಿವಾಗಿತ್ತು. ದಾರಿಯಲ್ಲಿ ನಿಂತು ಎರಡು ತಟ್ಟೆ ಮಂಡಕ್ಕಿ, ಮಿರ್ಚಿ ತಿಂದೆ.

ಆ ವಾರದ ಶುಕ್ರವಾರ ಅತ್ತೆ ಹಿತ್ತಿಲಿನ ಬಣವೆ ನೋಡುತ್ತಾ, "ಅರ್ಧ ಹುರುಳಿ ಹಂಗ ಉಳಿದೈತಿ. ನಾಳಿ ರಸ್ತೇಕ ಹಾಕಿಬಿಡಾನ" ಎಂದರು. ನಡುವೆ ಉಳಿದದ್ದು ಎರಡೇ ದಿನ. ಸೋಮವಾರ ನಾನು ಜೀಪು ಹತ್ತಬೇಕಿತ್ತು.

"ಬ್ಯಾಡ್ರಿ ಅತ್ತಿ."

"ಯಾಕ?"

ಆಗ ಹೇಳಿದೆ. ಆ ಬೆಳಿಗ್ಗೆ ನಮ್ಮ ಹುರುಳಿ ಹರವಿದವಳು ನಾನೇ ಎಂಬುದು ಅವರಿಗೆ ಗೊತ್ತಿತ್ತು, ಬುಟ್ಟಿ ಎತ್ತಿಕೊಟ್ಟವರೇ ಅವರು. ಗೊತ್ತಿಲ್ಲದ್ದು, ಅದು ನನ್ನೊಳಗೆ ಏನು ಮಾಡುತ್ತಿದೆ ಎಂಬುದು. ನಮ್ಮ ಬಳ್ಳಿಯೂ ಯಾವುದೋ ಗಾಡಿಗೆ ಸುತ್ತಿಕೊಂಡಿರಬಹುದು, ಎಲ್ಲೋ ಯಾರೋ ಹೊಗೆಯಲ್ಲಿ ಬಾಗಿಲು ಬಡಿದಿರಬಹುದು, ನಮಗೆ ಸುದ್ದಿ ಬಂದಿಲ್ಲ ಅಷ್ಟೆ. ಹೇಳುತ್ತಾ ದನಿ ಏರಿತು. ಅತ್ತೆಯ ದನಿಯೂ ಏರಿತು.

"ಇಡೀ ತಾಲ್ಲೂಕ ಹಾಕ್ತೈತಿ! ನಮ್ಮ ಮಾವನ ಕಾಲದಿಂದ ಹಾಕೀವಿ. ನಾವೊಬ್ರು ಬಿಟ್ರ ಬೆಂಕಿ ಹತ್ತೋದು ನಿಲ್ತೈತೇನು?"

"ನಿಲ್ಲಂಗಿಲ್ಲ. ಆದ್ರ ನನಗ ನಿದ್ದಿ ಬರ್ತೈತಿ."

ಅವರು ಹೋಗಿ ಬಣವೆಯಿಂದ ಜಾರಿದ್ದ ಬಳ್ಳಿಯನ್ನು ಮೇಲಕ್ಕೆ ಎಸೆದರು. ಆಮೇಲೆ, ಇನ್ನೂ ಸಿಟ್ಟಿನಲ್ಲೇ, "ಹಂಗಾರ ಕಣ ಯಾರು ಬಳೀಬೇಕು? ನನ್ನ ಸೊಂಟ ಬಗ್ಗಂಗಿಲ್ಲ" ಎಂದರು.

ಶನಿವಾರ ನಾನು ಕಣ ಬಳಿದೆ. ಎಷ್ಟೋ ವರ್ಷಗಳಿಂದ ಬಳಸದೆ ಹುಲ್ಲು ಬೆಳೆದಿದ್ದ ಜಾಗ. ಹುಲ್ಲು ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸುವಷ್ಟರಲ್ಲಿ ಕತ್ತಲಾಯಿತು. ಆ ದಿನವಿಡೀ ಬೆಂಕಿ ನೆನಪಾಗಲಿಲ್ಲ ಎಂದರೆ ಸುಳ್ಳು. ಎರಡು ಸಲ ನೆನಪಾಯಿತು. ಎರಡೇ ಸಲ. ಭಾನುವಾರ ಗಂಡ ಯಾರದೋ ಟ್ರ್ಯಾಕ್ಟರ್ ಕೇಳಿ ತಂದು ಕಣದಲ್ಲಿ ಸುತ್ತಿಸಿದರು. ಕಾಳು ತುಂಬುವಾಗ ಅತ್ತೆ ಮುಷ್ಟಿಯಲ್ಲಿ ಹಿಡಿದು ನೋಡಿ, "ಕಲ್ಲು ಇಲ್ಲ, ಸ್ವಚ್ಛ ಅದಾವ" ಎಂದು ಗೊಣಗಿದರು. ಒಪ್ಪಿಕೊಂಡ ಹಾಗಿರಲಿಲ್ಲ, ದೂರಿದ ಹಾಗಿತ್ತು.

ಸೋಮವಾರ ಎಂದಿನ ಹೊತ್ತಿಗೇ ಎದ್ದೆ. ಎಮ್ಮೆಯನ್ನು ಅತ್ತೆ ಕರೆದುಕೊಂಡು ಹೋದರು. ಹಸಿವಿರಲಿಲ್ಲ, ಆದರೂ ಒಂದು ರೊಟ್ಟಿ ತಿಂದೆ. ಜೀಪು ಬಂತು. ಬೇರೆ ಜೀಪು, ಬೇರೆ ಡ್ರೈವರ್. ಕೂರುವ ಮುನ್ನ ಹಿಂದಿನ ಬಾಗಿಲ ಹಿಡಿಯನ್ನು ಒಳಗಿನಿಂದ ಎರಡು ಸಲ ತಿರುಗಿಸಿ ನೋಡಿದೆ. ತೆರೆಯಿತು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾ, "ಕೊಂಡ್ಕೊಂತೀರೇನ್ರಿ ಅಕ್ಕಾರ ಜೀಪು?" ಎಂದ. ಬಾಗಿಲ ಬಳಿಯೇ ಕುಳಿತೆ.

ಮೊದಲ ಊರು ದಾಟಿದೆವು. ಬೇಲಿ, ಕಂಬ, ನೀಲಿ ಪ್ಲಾಸ್ಟಿಕ್ ಕೊಡ, ನಾಯಿ, ಎಂದು ಹೇಳಿಕೊಳ್ಳುತ್ತಾ ಹೋದೆ. ತುಟಿ ಅಲ್ಲಾಡುತ್ತಿದ್ದುದನ್ನು ನೋಡಿ ಎದುರಿನ ಹೆಣ್ಣುಮಗಳು ಮಂತ್ರ ಹೇಳುತ್ತಿದ್ದೇನೆಂದುಕೊಂಡಿರಬೇಕು, ಸೆರಗು ತಲೆಗೆ ಹೊದ್ದಳು. ಆಮೇಲೆ ತಿರುವಿನಲ್ಲಿ ಜೀಪು ನಿಧಾನವಾಯಿತು. ಮುಂದೆ ರಸ್ತೆಯಗಲಕ್ಕೂ ಹುರುಳಿ. ನಲವತ್ತು ಹೆಜ್ಜೆಯಷ್ಟು ಉದ್ದ. ಆ ಹಳೆಯ ಜಾಗವಲ್ಲ, ಅದಕ್ಕಿಂತ ಈಚೆಗೇ. ಬೆಳೆಯವನು ಬದಿಯಲ್ಲಿ ನಿಂತು ಕೈ ಬೀಸುತ್ತಿದ್ದ: ಬನ್ನಿ, ಮೇಲೆಯೇ ಬನ್ನಿ. ಪಾದ ಊರಿದೆ. ಹೇಳಿಕೊಳ್ಳಲು ಹುರುಳಿಯೊಂದೇ ಕಾಣುತ್ತಿತ್ತು.

"ನಿಲ್ಸ್ರಿ!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಡ್ರೈವರ್ ಬ್ರೇಕ್ ಹಾಕಿದ.

"ಯಾಕ್ರಿ, ಏನಾತು?"

"ನಾನು ಇಳಿದು ನಡದು ದಾಟ್ತೀನಿ. ಆ ಕಡಿ ಹತ್ತಿಸ್ಕೊಳ್ರಿ."

"ನಲವತ್ತು ಹೆಜ್ಜಿಗೆ? ಟೈಮ್ ಆಗ್ತೈತ್ರಿ ಅಕ್ಕಾರ!" ಒಳಗೆ ಒಬ್ಬ ನಕ್ಕ. ಇನ್ನೊಬ್ಬರು, "ಇಳೀಲಿ ಬಿಡಪಾ, ಆವತ್ತಿನ ಗಾಡ್ಯಾಗ ಇದ್ದಾಕಿ ಇರಬೇಕು" ಎಂದರು. ನಾನು ಇಳಿದೆ. ಕಾಲಡಿ ಬಳ್ಳಿ ಚರಚರ ಎಂದಿತು. ಬೆಳೆಯವನು ನನ್ನನ್ನು ನೋಡಿ, "ತುಳೀರಿ ತುಳೀರಿ, ಎತ್ತಿಲ್ಲದ ಕಾಲಕ್ಕ ನೀವಾದ್ರೂ ಸಿಕ್ರಿ" ಎಂದ. ಅವನ ಎದುರು ನಿಂತೆ. ಹೇಳಬೇಕೆಂದು ಏನೂ ತಯಾರಿ ಮಾಡಿಕೊಂಡಿರಲಿಲ್ಲ.

"ನಡುವ ಒಂದು ಗಾಲಿ ದಾರಿನಾದ್ರೂ ಬಿಡ್ರಣ್ಣ. ಸುತ್ತಕೊಂಡು ಬೆಂಕಿ ಹತ್ತೈತಿ. ನಾನು ಒಳಗಿದ್ದೆ. ನಾವೂ ಹಾಕ್ತಿದ್ವಿ, ನಾನ ಹಾಕ್ತಿದ್ದೆ."

ಅವನ ನಗು ಹೋಯಿತು. ಕವೆಗೋಲು ತೆಗೆದುಕೊಂಡ. ಜೀಪು ಇನ್ನೂ ಹಿಂದೆಯೇ ನಿಂತಿತ್ತು. ಅವನು ಅರ್ಧ ರಸ್ತೆಯ ಬಳ್ಳಿಯನ್ನು ಬದಿಗೆ ಎಳೆದ, ಪೂರ್ತಿ ಅಲ್ಲ. "ನಾಳಿ ಬರೋವಾಗ ಮತ್ತ ಹಾಕಿರ್ತೀನಿ, ಈಗ್ಲೇ ಹೇಳ್ತೀನಿ" ಎಂದ.

"ನಾಳಿನೂ ಇಳೀತೀನಿ" ಎಂದೆ.

ಜೀಪು ಆ ಬರಿದಾದ ಅರ್ಧದ ಮೇಲೆ ನಿಧಾನವಾಗಿ ದಾಟಿ ಬಂದು ನನ್ನ ಪಕ್ಕ ನಿಂತಿತು. ಹತ್ತಿದೆ. ಸುಟ್ಟ ಜಾಗ ಬಂದಾಗ ಕಣ್ಣು ಮುಚ್ಚಿದೆ, ಅದನ್ನು ನೋಡಲು ಇನ್ನೂ ಆಗಿಲ್ಲ. ಕೊಟ್ಟೂರು ತಲುಪಿದಾಗ ಮೊದಲ ತರಗತಿ ಶುರುವಾಗಿ ಹದಿನೈದು ನಿಮಿಷವಾಗಿತ್ತು. ತರಗತಿಯ ಬಾಗಿಲು ಮುಚ್ಚಿತ್ತು. ತಳ್ಳಿ ಒಳಗೆ ಹೋಗಿ, ಅದನ್ನು ಹಾಗೇ ತೆರೆದಿಟ್ಟು, ಹಾಜರಿ ಕೂಗಲು ಶುರು ಮಾಡಿದೆ.